ಅಣ್ಣನ ಪತ್ರದಲ್ಲಿ ನಾನು ಹೊಡೆದುಹಾಕಿಸಿದ ಸಾಲು

ಪಡಸಾಲೆಯಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರಪುಡಿಗೆಂದು ತಂದ ಕಾಯಿ, ಅರ್ಧಕ್ಕೆ ಬಂದಿತ್ತು. ಸೊಸೆ ಒಳಗಿನ ಕೋಣೆಯಿಂದ ಲ್ಯಾಪ್‌ಟಾಪನ್ನು ತೆರೆದಂತೆಯೇ ಎತ್ತಿಕೊಂಡು ಬಂದು ನನ್ನೆದುರು ಕುಳಿತಳು.

"ಅತ್ತಿ, ಉತ್ತರ ಬಂತ್ರಿ. ರೊಕ್ಕ ಕೊಡೂದಿಲ್ಲಂತ."

"ಹೌದಾ," ಅಂದೆ. ಇನ್ನೊಂದು ಕಾಯಿಯ ತೊಟ್ಟು ಮುರಿದೆ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ.

ಸೊಸೆ ಹುಕ್ಕೇರಿಯವಳು. ಅವಳ ತಂದೆ ಹೊಲ ಅಳೆಯುವ ಕೆಲಸದವರು. ಸಣ್ಣವಳಿದ್ದಾಗ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದು ಅವರ ಹಿಂದೆ ಹೊಲಹೊಲ ತಿರುಗಿದವಳು. ನಮ್ಮ ಗೋಕಾಕದ ಮನೆಗೆ ಬಂದ ಮೇಲೆ ಒಳಗಿನ ಕೋಣೆಯಲ್ಲಿ ಕುಳಿತು ಒಂದು ನಕಾಶೆಯ ಸಾಫ್ಟ್‌ವೇರ್ ಮಾಡಿದಳು. ಫೋನು ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದರಾಯಿತು, ನಡೆದ ಗೆರೆ ಹಳೆಯ ಸರ್ವೆ ನಕಾಶೆಯ ಮೇಲೆ ಮೂಡುತ್ತದೆ, ಎಷ್ಟು ಗುಂಟೆ ಅಂತ ತೋರಿಸುತ್ತದೆ. ಅದಕ್ಕಾಗಿ ಬರೆದ ಕೋಡನ್ನೂ ಅವಳು ಮುಚ್ಚಿಟ್ಟಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು.

"ಇಷ್ಟು ಕಣ್ಣು ಕೆಡಿಸಿಕೊಂಡು ಮಾಡಿದ್ದನ್ನ ಸುಮ್ಮನ ಕೊಡ್ತಿಯಲ್ಲ ಯವ್ವಾ?" ಎಂದು ಮೊದಮೊದಲು ಕೇಳಿದ್ದೆ.

"ದಾಸೋಹದಾಗ ಉಣ್ಣಾಕ ಕುಂತವರ ಹತ್ರ ಚೀಟಿ ಕೇಳ್ತೀರೇನ್ರಿ?" ಅಂದಿದ್ದಳು.

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಆದರೆ ದಾಸೋಹಕ್ಕೂ ಎಲ್ಲಿಂದಾದರೂ ಜೋಳ ಬರಬೇಕಲ್ಲ. ಅವಳ ಕೈಯಲ್ಲಿದ್ದದ್ದು ತೀರಿತ್ತು. ಇಂಥ ತೆರೆದ ಕೆಲಸಗಳಿಗೆ ನೆರವು ಕೊಡುವ ಹೊರದೇಶದ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದಳು. ಕೊಟ್ಟರೆ ಇನ್ನೊಂದು ವರ್ಷ ಇದೇ ಕೆಲಸ. ಕೊಡದಿದ್ದರೆ ಬೆಳಗಾವಿಯ ಒಂದು ಕಂಪನಿ ಕರೆದಿತ್ತು. ಅಲ್ಲಿ ಸೇರಿದರೆ ಇದನ್ನು ಮುಟ್ಟುವಂತಿಲ್ಲ, ಹಾಗಂತ ಅವರ ಕಾಗದದಲ್ಲೇ ಇತ್ತು.

ಬಳಸುವವರಿಂದ ಪತ್ರ ತನ್ನಿ ಎಂದು ಸಂಸ್ಥೆಯವರು ಕೇಳಿದ್ದರು. ಮಸಗುಪ್ಪಿ ನನ್ನ ತವರು. ಅಲ್ಲಿ ನನ್ನ ಅಣ್ಣ ಮತ್ತು ನಾಲ್ಕಾರು ಮಂದಿ ಇದರಿಂದಲೇ ಹೊಲ ಅಳೆದುಕೊಂಡಿದ್ದರು. "ನಾ ತರ್ತೇನಿ ಬಿಡು," ಎಂದು ಆ ಊರ ಮೇಲೆ ಹೋಗುವ ಮೂಡಲಗಿ ಬಸ್ಸು ಹತ್ತಿದೆ.

ನಮ್ಮಲ್ಲಿ ಸಂಬಂಧ ಬೆಳೆಸುವ ಮುಂಚೆ ಓಣಿಯಲ್ಲಿ ನಾಲ್ಕು ಮನೆ ವಿಚಾರಿಸುತ್ತಾರೆ. ವಿಚಾರಿಸಲು ಬಂದವರ ಮುಂದೆ ಓಣಿಯವರು ಒಳ್ಳೆಯದನ್ನೇ ಹೇಳುತ್ತಾರೆ, ನಿನ್ನೆ ನೀರಿಗಾಗಿ ಜಗಳವಾಡಿದವಳೂ ಸಹ. ಈ ಪತ್ರಗಳನ್ನೂ ನಾನು ಹಾಗೆಯೇ ತಿಳಿದೆ.

ಅಣ್ಣ ಕಟ್ಟೆಯ ಮೇಲೆ ಕುಳಿತು ಬರೆದು, ಓದಿ ತೋರಿಸಿದ. "ಛಲೋ ಐತಿ. ಆದ್ರ ಕಬ್ಬು ಆಳೆತ್ತರ ಆದ ಮ್ಯಾಲೆ ಗೆರಿ ಕಾಲುವಿ ದಾಟಿ ಆಚಿಕಡೆ ಜಿಗಿತೈತಿ. ಅದನ್ನ ತಿದ್ದಿ ಕೊಟ್ರ ಬಾಳ ಅನುಕೂಲ."

"ಅಣ್ಣಾ, ಜಿಗಿಯೋ ಸಾಲು ಹೊಡದ ಹಾಕು."

"ಯಾಕ? ಖರೇನ ಐತಲ್ಲ."

"ಖರೆ ಇದ್ರೇನಾತು? ವಿಚಾರಸಾಕ ಬಂದವರ ಮುಂದ ಹುಡುಗೀದು ಮೆಳ್ಳಗಣ್ಣು ಅಂತ ಹೇಳ್ತಾರೇನು?"

"ಲಗ್ನ ಆಗಿ ಏಳು ವರ್ಷ ಆತು, ಸೊಸೀಗೆ ಮತ್ತ ವರ ನೋಡಾಕ ಹೊಂಟಿಯೇನ?" ಎಂದು ನಕ್ಕ. ಆದರೂ ಹೊಡೆದುಹಾಕಿ, ಬೇರೆ ಹಾಳೆಯ ಮೇಲೆ ಬರೆದುಕೊಟ್ಟ. ಉಳಿದವರೂ ನಾನು ಹೇಳಿದಂತೆಯೇ ಬರೆದರು. ಏನೂ ಕುಂದಿಲ್ಲ, ಎಲ್ಲ ಸರಿಯಾಗಿದೆ, ಶಿವನ ದಯೆಯಿಂದ ನಾವು ಸುಖವಾಗಿದ್ದೇವೆ. ಆ ಪತ್ರಗಳನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ ಸೊಸೆಗೆ ಕೊಟ್ಟೆ. ಅವಳು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು.

ಈಗ ಬಂದ ಉತ್ತರವನ್ನು ಅವಳು ನನಗೆ ತಿಳಿಯುವಂತೆ ಓದಿದಳು. ಬಳಸುವವರು ಒಬ್ಬರೂ ತೊಂದರೆ ಹೇಳಿಲ್ಲ, ಎಲ್ಲ ಸರಿಯಿರುವ ಕೆಲಸಕ್ಕೆ ಮತ್ತೆ ನೆರವು ಏಕೆ ಬೇಕೆಂದು ನಮಗೆ ತಿಳಿಯಲಿಲ್ಲ, ಎಂದು ಬರೆದಿದ್ದರು.

"ಕಬ್ಬಿನ ಹೊಲದ ತ್ರಾಸು ನಾ ಅರ್ಜಿಯೊಳಗ ಬರದಿದ್ನಿರಿ," ಅಂದಳು. "ಅದು ನನ್ನ ಮಾತು ಅಷ್ಟ ಆತು. ಮಂದಿ ಅಂದಿಲ್ಲ."

"ಅಂದಿದ್ರು. ಅಣ್ಣ ಬರದಿದ್ದ. ನಾನ ಹೊಡಸಿದೆ."

ಅವಳು ಬಯ್ಯಬಹುದಿತ್ತು. ಬಯ್ದಿದ್ದರೂ ನನಗೆ ತಾಗುತ್ತಿತ್ತೋ ಇಲ್ಲವೋ.

"ನನ್ನನ್ನ ಒಂದು ಮಾತು ಕೇಳಬೇಕಿತ್ರಿ," ಅಂದಳು. ಮತ್ತೆ ತಾನೇ, "ನನಗೂ ಓದೋ ಮುಂದ ಅನಿಸಿತ್ರಿ, ಎಲ್ಲಾರೂ ಒಂದ ಮಾತು ಬರದಾರಲ್ಲ ಅಂತ. ದೊಡ್ಡವರು ಬರದದ್ದು, ತಿರುಗಿ ಹೆಂಗ ಕೇಳೂದು ಅಂತ ಬಿಟ್ಟೆ."

"ನಾಳೇನ ಹೋಗಿ ಬರಸ್ಕೊಂಡು ಬರ್ತೇನಿ."

"ಈ ಸಲದ್ದು ಮುಗೀತ್ರಿ. ಕಂಪನಿಗೆ ಇವತ್ತ ಹೇಳಬೇಕು."

ಅಲ್ಲೇ ಕುಳಿತು ಬರೆದಳು. ಎರಡೇ ಸಾಲು ಇರಬೇಕು. "ಸೋಮವಾರದಿಂದ್ರಿ," ಅಂದಳು.

"ಹಂಗಾದ್ರ ನಿನ್ನ ಈ ನಕಾಶಿ?"

"ಇಟ್ಟಲ್ಲೇ ಇರ್ತೈತ್ರಿ. ಯಾರರ ಬಂದು ಆ ಗೆರಿ ತಿದ್ದಿದ್ರ ತಿದ್ದಲಿ."

ಅವಳು ಒಳಗೆ ಹೋದಳು. ಶಿವಾ, ಮುಚ್ಚಿಡದ ಕೆಲಸವಾದ್ದರಿಂದ ಅದು ಅಲ್ಲಾದರೂ ಉಳಿಯಿತು, ಅಂದುಕೊಂಡೆ. ಮನೆ ಬಿಟ್ಟು ಹೋಗುತ್ತಿಲ್ಲ, ಸಂಜೆ ಬಸ್ಸಿಗೆ ಬರುತ್ತಾಳೆ, ಅದೂ ಒಂದು ಸಮಾಧಾನ. ಮನಸ್ಸಿನಲ್ಲೇ ಮಂತ್ರ ಹೇಳಿದೆ. ನಾಲಿಗೆ ಹೇಳುತ್ತಿತ್ತು ಅಷ್ಟೇ, ಒಳಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಸೋಮವಾರ ಡಬ್ಬಿಗೆ ಏನ್ ಹಾಕ್ಲಿ?" ಎಂದು ಕೂಗಿ ಕೇಳಿದೆ.

"ಏನರ ಹಾಕ್ರಿ."

ಅಂದು ಶನಿವಾರ. ಈಗಲೇ ನೆನೆಯಿಟ್ಟು ರಾತ್ರಿ ಅರಿವೆಯಲ್ಲಿ ಕಟ್ಟಿದರೆ ಸೋಮವಾರಕ್ಕೆ ಮೊಳಕೆ ಬರುತ್ತದೆ. ಕೈ ತೊಳೆದುಕೊಂಡು ಮಡಕಿ ಕಾಳಿನ ಡಬ್ಬಿ ಇಳಿಸಿದೆ. ಎರಡು ಬೊಗಸೆ ಮೊರಕ್ಕೆ ಸುರಿದುಕೊಂಡು ಹರಳು ಆರಿಸತೊಡಗಿದೆ.