ಒಣಗುವ ಮೊದಲು ಕಟ್ಟಿದ ಚೀಟಿ

ಅಭಿನಂದನ ಗ್ರಂಥವೆಂಬುದು ಸಾಮಾನ್ಯವಾಗಿ ವಿದ್ವಾಂಸರಿಗೆ, ಪ್ರಾಂಶುಪಾಲರಿಗೆ, ಸಂಸ್ಥೆಗಳನ್ನು ಕಟ್ಟಿ ಬೆಳೆಸಿದ ಮಹನೀಯರಿಗೆ ಸಲ್ಲುವ ಗೌರವ. ಪ್ರೌಢಶಾಲೆಯ ಕ್ರಾಫ್ಟ್ ಟೀಚರೊಬ್ಬರಿಗೆ ಅಂಥದೊಂದು ಗ್ರಂಥ ಬರುತ್ತದಂತೆ ಎಂಬ ಸುದ್ದಿ ಮಡಂತ್ಯಾರು ಪೇಟೆಯಲ್ಲಿ ಹಬ್ಬಿದಾಗ ನಕ್ಕವರಿದ್ದಾರೆ. ನಗಲಿ. ಅಂಕಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ‘ಎ’ ಅಥವಾ ‘ಬಿ’ಯಾಗಿ ಮುಗಿದುಹೋಗುವ ವಿಷಯವನ್ನು ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಕಲಿಸಿ, ಮಕ್ಕಳು ಬೀಜಗಣಿತವನ್ನು ಮರೆತ ಮೇಲೂ ಅದನ್ನು ಮರೆಯದಂತೆ ಮಾಡಿದ ಅನಂತಮತಿ ಟೀಚರ್ ಅವರ ಸ್ಥಾನ ಈ ಜಿಲ್ಲೆಯ ಶಿಕ್ಷಣ ಕ್ಷೇತ್ರದಲ್ಲಿ ಯಾವುದು ಎಂದು ಕೇಳುವವರಿಗೆ ಈ ಲೇಖನದಲ್ಲಿ ಉತ್ತರವಿದೆ. ಕೇಳದೆ ನಕ್ಕವರಿಗೂ ಇದೆ.

ಮೂಡುಬಿದಿರೆಯ ಬಸದಿಯೊಂದರ ಪಕ್ಕದ ಹಂಚಿನ ಮನೆಯಿಂದ, ವೇಣೂರಿನ ಬಸ್ಸು ಹಿಡಿದು, ಗುರುವಾಯನಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಅವರು ಮೊದಲ ದಿನ ಮಡಂತ್ಯಾರಿನ ಶಾಲೆಗೆ ಬಂದದ್ದು ಸಾವಿರದ ಒಂಬೈನೂರ ತೊಂಬತ್ತೊಂದರ ಜೂನ್ ತಿಂಗಳಲ್ಲಿ. ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಅವರಿಗೆ ಕ್ರಾಫ್ಟ್ ರೂಮೆಂದು ತೋರಿಸಲಾಯಿತು. ಕಾಗದ, ಅಂಟು, ಕತ್ತರಿ ಎಲ್ಲಿ ಎಂದು ಅವರು ಕೇಳಿದಾಗ ಆಫೀಸಿನ ಗುಮಾಸ್ತರಿಗೆ ಆಶ್ಚರ್ಯವಾಯಿತು. “ಕ್ರಾಫ್ಟಿಗೆ ಸಾಮಾನು ಕೂಡ ಉಂಟಾ ಟೀಚರೇ? ಬಣ್ಣದ ಕಾಗದ ಮಕ್ಕಳೇ ತರ್ತಾರೆ” ಎಂದರು. ಆ ವಾರ ಕಾಗದ ತಂದವರು ತರಗತಿಯಲ್ಲಿ ಒಂಬತ್ತು ಮಂದಿ. ಉಳಿದವರು ಕೈ ಕಟ್ಟಿ ಆ ಒಂಬತ್ತು ಮಂದಿಯನ್ನು ನೋಡುತ್ತ ಕುಳಿತರು. ಟೀಚರ್‌ಗೆ ಸಿಟ್ಟು ಬಂತು. ಮುಂದಿನ ಮೂವತ್ತನಾಲ್ಕು ವರ್ಷಗಳ ಕೆಲಸ ಆ ಸಿಟ್ಟಿನಿಂದಲೇ ನಡೆಯಿತೆಂದು ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವರು ಮನೆಯ ದಾರಿ ಬಿಟ್ಟು ಮೆಲ್ಕಾರಿಗೆ ಹೋದರು. ಅಲ್ಲಿ ಮದುವೆಯ ಕಾಗದ ಅಚ್ಚು ಹಾಕುವ ಪ್ರೆಸ್ಸೊಂದರ ಕಟಿಂಗ್ ಮೆಷಿನಿನ ಬುಡದಲ್ಲಿ ಕೆಂಪು, ಹಳದಿ, ಚಿನ್ನದ ಅಂಚಿನ ಚೂರುಗಳು ಮೊಣಕಾಲೆತ್ತರ ಬಿದ್ದಿದ್ದವು. ಮೆಷಿನು ನಡೆಸುತ್ತಿದ್ದ ಅಬ್ದುಲ್ ನಾಸಿರ್ ಅವರು, “ಇದೆಲ್ಲ ಬೆಂಕಿಗೆ ಹೋಗುದು ಟೀಚರೇ. ಬೇಕಾದ್ರೆ ಚೀಲ ತನ್ನಿ, ತುಂಬಿಸಿ ಕೊಡ್ತೇನೆ” ಎಂದರು. ಅಂದಿನಿಂದ ಶನಿವಾರ ಮಧ್ಯಾಹ್ನ ಎರಡು ಗೋಣಿಚೀಲಗಳೊಂದಿಗೆ ಬಿ.ಸಿ. ರೋಡಿನಲ್ಲಿ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸು ಹತ್ತುವ ಟೀಚರನ್ನು ಕಂಡಕ್ಟರರು ಗುರುತಿಸತೊಡಗಿದರು. ಚೀಲಕ್ಕೆ ಲಗೇಜು ಟಿಕೆಟು ಕೊಡಲು ಹೊರಟವರಿಗೆ ಅವರು, “ಕಸಕ್ಕೆ ಯಾವ ಟಿಕೆಟು ಮಾರಾಯ್ರೆ?” ಎಂದು ಕೇಳುತ್ತಿದ್ದರಂತೆ.

ಆ ಚೂರುಗಳಿಂದ ಶುಭಾಶಯ ಪತ್ರಗಳೂ ಉಡುಗೊರೆಗೆ ಕಟ್ಟುವ ಚೀಟಿಗಳೂ ಹುಟ್ಟಿದವು. ಅವರ ಕ್ರಮ ಸರಳ, ಆದರೆ ಅದನ್ನು ತಪ್ಪಿದವರಿಗೆ ಬಿಡುಗಡೆಯಿರಲಿಲ್ಲ. ಅಚ್ಚಾದ ಮುಖಗಳೆರಡು ಒಳಗೆ ಬರುವಂತೆ ಎರಡು ತುಂಡುಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಅಂಟಿಸಬೇಕು. ಹಾಗಾದಾಗ ಹೊರಗೆ ಎರಡೂ ಕಡೆ ಬಿಳಿ. ಅದರ ಮೇಲೆ ಕಲ್ಲು ಹೇರಿ ಮರುದಿನದವರೆಗೆ ಬಿಡಬೇಕು. ಒಣಗಿದ ಮೇಲೆಯೇ ಅಂಚು ಕತ್ತರಿಸಿ, ತೂತು ಮಾಡಿ, ಬಾಳೆನಾರಿನ ದಾರ ಪೋಣಿಸಬೇಕು. “ಒಣಗುವ ಮೊದಲು ಕಟ್ಟಬೇಡಿ” ಎಂಬ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಹಳೆಯ ವಿದ್ಯಾರ್ಥಿಗಳು ಇಂದಿಗೂ ಮದುವೆಯ ಮಾತುಕತೆಗಳಲ್ಲಿ ಆ ಮಾತನ್ನು ಬಳಸುತ್ತಾರೆ.

ಶಾಲೆಯ ದಾಖಲೆಯ ಪ್ರಕಾರ ಆ ಕಾಲದ ಅರ್ಧದಷ್ಟು ಮಕ್ಕಳು ಹುಟ್ಟಿದ್ದು ಜೂನ್ ಒಂದನೇ ತಾರೀಕಿನಂದು. ಒಂದನೇ ತರಗತಿಗೆ ಸೇರಿಸುವ ದಿನ ತಂದೆತಾಯಿಗೆ ತಾರೀಕು ನೆನಪಿರದಿದ್ದರೆ ಮಾಷ್ಟ್ರುಗಳು ಬರೆದುಕೊಳ್ಳುತ್ತಿದ್ದದ್ದು ಅದನ್ನೇ. ಟೀಚರ್ ಇದನ್ನು ಒಪ್ಪಲಿಲ್ಲ. ನಿನಗೆ ಇಷ್ಟವಾದ ಒಂದು ದಿನ ಹೇಳು ಎಂದು ಪ್ರತಿ ಮಗುವನ್ನೂ ಕೇಳಿ ಒಂದು ಪಟ್ಟಿ ಮಾಡಿದರು. ಆ ದಿನ ಆ ಮಗುವಿನ ಬೆಂಚಿನ ಮೇಲೆ ಸಹಪಾಠಿಗಳು ಮಾಡಿದ ಒಂದು ಕಾರ್ಡು ಇರುತ್ತಿತ್ತು. ಕಾಂತಿ ಎಂಬ ಹುಡುಗಿ ತನಗೆ ಯಾವ ದಿನವೂ ಬೇಡವೆಂದು ಹಟ ಹಿಡಿದಾಗ, ಟೀಚರ್ ತಮ್ಮ ಹುಟ್ಟಿದ ದಿನವನ್ನೇ ಅವಳೊಂದಿಗೆ ಹಂಚಿಕೊಂಡರು. ಅವಳೀಗ ಬೆಳ್ತಂಗಡಿಯಲ್ಲಿ ನರ್ಸು. ಪ್ರತಿ ವರ್ಷ ಆ ದಿನ ಎರಡು ಕಾರ್ಡುಗಳು ಅತ್ತಿಂದಿತ್ತ ಹೋಗುತ್ತವೆ. ಎಡಗೈಯ ಭವಿತ್‌ಗೆ ಯಾವ ಕತ್ತರಿಯೂ ಒಗ್ಗದಿದ್ದಾಗ, ಎಡಗೈಗೆಂದೇ ಮಾಡಿದ ಕತ್ತರಿಯೊಂದು ಇರುತ್ತದೆಂದು ಯಾರಿಂದಲೋ ಕೇಳಿ, ಮಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿ ತಂದುಕೊಟ್ಟವರೂ ಅವರೇ.

ಇನ್ನು ಆ ಪ್ರಸಂಗ. ಅದನ್ನು ಈ ಗ್ರಂಥದಲ್ಲಿ ಬಿಡುವುದು ಒಳ್ಳೆಯದೆಂದು ಸಮಿತಿಯ ಹಿರಿಯರು ಸೂಚಿಸಿದ್ದರು. ಅದನ್ನು ಬಿಟ್ಟರೆ ಅನಂತಮತಿ ಟೀಚರ್ ಒಬ್ಬ ಒಳ್ಳೆಯ ಹೆಂಗಸಾಗಿ ಉಳಿಯುತ್ತಾರೆ, ಅಷ್ಟೇ. ಆದ್ದರಿಂದ ಬಿಡುತ್ತಿಲ್ಲ.

ಮದುವೆಯ ಕಾಗದದ ಜೊತೆಗೆ ಮೆಲ್ಕಾರಿನ ಚೀಲದಲ್ಲಿ ಬೊಜ್ಜದ ಕಾಗದಗಳೂ ಬರುತ್ತಿದ್ದವು. ತೀರಿಕೊಂಡವರ ಉತ್ತರಕ್ರಿಯೆಗೆ ಕರೆಯುವ ಈ ಕಾಗದವನ್ನು ಓದಿದ ಮೇಲೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ; ಹರಿದು ಹೊರಗೆ ಹಾಕುತ್ತಾರೆ. ಪ್ರೆಸ್ಸಿನಲ್ಲಿ ಉಳಿದ ಹೆಚ್ಚಿನ ಪ್ರತಿಗಳನ್ನು ಕೇಳುವವರಂತೂ ಇಲ್ಲವೇ ಇಲ್ಲ. ದಪ್ಪ, ಬಿಳಿ, ಚೊಕ್ಕ ಕಾಗದ. ದೇವರ ಚಿತ್ರವಿದ್ದ ತುಂಡುಗಳನ್ನು ಭಕ್ತಿಯಿಂದ ಬೇರೆ ತೆಗೆದಿಡುತ್ತಿದ್ದ ಟೀಚರ್, ಇದನ್ನು ಮಾತ್ರ ಬೇಕೆಂದೇ ಉಳಿಸಿಕೊಳ್ಳುತ್ತಿದ್ದರು. “ಸೂತಕ ಮನುಷ್ಯರಿಗೆ. ಕಾಗದಕ್ಕೆ ಎಂಥ ಸೂತಕ?” ಎಂದು ಒಮ್ಮೆ ಸ್ಟಾಫ್ ರೂಮಿನಲ್ಲೇ ಹೇಳಿದ್ದರು. ಅಚ್ಚಾದ ಮುಖ ಹೇಗೂ ಒಳಗೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಯಾರಿಗೂ ಏನೂ ಆಗಲಿಲ್ಲ.

ಎರಡು ಸಾವಿರದ ಹನ್ನೆರಡರ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವವೂ, ಸಂಚಾಲಕರಾದ ಮುಂಡಪ್ಪನವರ ಅರುವತ್ತನೆಯ ಹುಟ್ಟುಹಬ್ಬವೂ ಒಂದೇ ದಿನ ಬಂದವು. ಅಧ್ಯಾಪಕರೆಲ್ಲ ಸೇರಿ ಹಿತ್ತಾಳೆಯ ಕಾಲುದೀಪವೊಂದನ್ನು ತಂದರು. ಅದಕ್ಕೆ ಕಟ್ಟುವ ಚೀಟಿ ಎಂಟನೇ ತರಗತಿಯ ಒಂದು ಮಗುವಿನ ಪಾಲಿಗೆ ಬಂತು. ಮಗು ಹಿಂದಿನ ದಿನವೇ ಮಾಡಿಟ್ಟಿತ್ತು. ಬೆಳಿಗ್ಗೆ ನೋಡಿದರೆ ಶಾಯಿ ಹರಡಿತ್ತು. ಊರಿನ ದೊಡ್ಡ ಮನುಷ್ಯರಿಗೆ ಹೋಗುವಂಥದ್ದೆಂದು, ಚೀಲದಲ್ಲಿದ್ದ ಎಲ್ಲಕ್ಕಿಂತ ಬಿಳಿಯಾದ, ದಪ್ಪವಾದ ಕಾಗದವನ್ನೇ ಹುಡುಕಿ ಇನ್ನೊಂದು ಮಾಡಿತು. ಅಂಟು ಒಣಗಲು ಹೊತ್ತಿರಲಿಲ್ಲ. ಕಟ್ಟಿಬಿಟ್ಟಿತು.

ವೇದಿಕೆಯ ಮೇಲೆ ಮುಂಡಪ್ಪನವರು ಕನ್ನಡಕ ಏರಿಸಿ ಚೀಟಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು. ಒದ್ದೆ ಪದರ ಜಾರಿ ಬಿಚ್ಚಿಕೊಂಡಿತು. ಒಳಗೆ ಕಪ್ಪು ಅಕ್ಷರದಲ್ಲಿ, ‘ಮೃತರ ಆತ್ಮಕ್ಕೆ ಚಿರಶಾಂತಿಯನ್ನು ಕೋ’ ಎಂಬಲ್ಲಿಗೆ ಸಾಲು ತುಂಡಾಗಿತ್ತು. ಮುಂಡಪ್ಪನವರ ಮುಖ ಬಿಳಿಚಿಕೊಂಡಿತು. ಎದುರು ಸಾಲಿನಲ್ಲಿ ಕುಳಿತಿದ್ದ ಅವರ ಹೆಂಡತಿ ಎದ್ದು ನಿಂತರು. ನೃತ್ಯಕ್ಕೆ ಸಿದ್ಧರಾಗಿದ್ದ ಮಕ್ಕಳ ಹಾಡನ್ನು ಯಾರೋ ಜೋರಾಗಿ ಹಾಕಿದ್ದರಿಂದ ಸಭೆ ಮುಂದುವರಿಯಿತು.

ಮರುದಿನ ಸಂಜೆ ಐದಕ್ಕೆ ಆಡಳಿತ ಮಂಡಳಿಯ ಸಭೆ ಕರೆದರು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆತನದ ಹೆಣ್ಣುಮಗಳನ್ನು ಐದಕ್ಕೆ ಕರೆದು ಕೂರಿಸಿದರೆ ಅಂದಿನ ಊಟ ತಪ್ಪುತ್ತದೆಂದು ಕರೆದವರಿಗೆ ಹೊಳೆದಿರಲಿಕ್ಕಿಲ್ಲ, ಟೀಚರ್‌ಗೆ ಹೊಳೆದಿತ್ತು. ಅವರು ಬಂದು ಕುಳಿತರು.

ಮುಂಡಪ್ಪನವರು ಕೆಟ್ಟವರಲ್ಲ, ಹೆದರಿದ್ದರು. “ನೀವು ಬೇಕೂಂತ ಮಾಡಿದ್ದಲ್ಲ, ನನಗೆ ಗೊತ್ತುಂಟು ಟೀಚರೇ. ಆ ಮಗುವಿನ ಹೆಸರು ಹೇಳಿ, ಸಾಕು. ಮನೆಯವರನ್ನು ಕರೆದು ಮಾತಾಡ್ತೇವೆ” ಎಂದರು. ಟೀಚರ್ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಒಬ್ಬರು ಕೇಳಿದರು, “ಯಾರ ಮಗು ಅದು? ಯಾವ ಜಾತಿದ್ದು?”

ಆ ಪ್ರಶ್ನೆಯ ತನಕ ಟೀಚರ್ ಕ್ಷಮೆ ಕೇಳಲು ಸಿದ್ಧರಿದ್ದರು. ಆ ಪ್ರಶ್ನೆಯ ನಂತರ ಅವರಿಗೆ ಎಲ್ಲವೂ ನಿಚ್ಚಳವಾಯಿತು. ಹೆಸರೊಂದು ಸಿಕ್ಕಿದರೆ ತಪ್ಪು ಆ ಮಗುವಿನದಾಗಿ ಉಳಿಯುವುದಿಲ್ಲ; ರಾತ್ರಿಯೊಳಗೆ ಮನೆಯದಾಗುತ್ತದೆ, ಮರುದಿನ ಜಾತಿಯದಾಗುತ್ತದೆ, ಮೊಬೈಲುಗಳಲ್ಲಿ ಊರೂರು ಸುತ್ತುತ್ತದೆ.

“ಹೆಸರು ಬೇಕಾದ್ರೆ ನನ್ನದು ಬರ್ಕೊಳ್ಳಿ” ಎಂದರು ಟೀಚರ್. “ಕಾಗದ ತಂದದ್ದು ನಾನು. ಕತ್ತರಿ ಕೊಟ್ಟದ್ದು ನಾನು. ಮಗುವಿನ ಹೆಸರು ನಾನು ಹೇಳುವುದಿಲ್ಲ.”

“ಹಾಗಾದ್ರೆ ಕ್ರಾಫ್ಟ್ ರೂಮು ತೆರೆಯುವುದು ಕೂಡ ಬೇಡ” ಎಂದರು ಮುಂಡಪ್ಪನವರು.

“ಆಗಲಿ. ಬೀಗ ನಿಮ್ಮದು.”

ಏಳು ಗಂಟೆಗೆ ಚಹಾ, ಅಂಬಡೆ ಬಂತು. ಅವರು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಎಲ್ಲರೂ ತಿಂದು ಮುಗಿಸುವವರೆಗೆ ನೆಟ್ಟಗೆ ಕುಳಿತಿದ್ದರು.

ಕ್ರಾಫ್ಟ್ ಪೀರಿಯಡ್ಡು ಕಂಪ್ಯೂಟರಿಗೆ ಹೋಯಿತು. ಲಿಖಿತ ಉತ್ತರ ಕೇಳಿ ನೋಟೀಸು ಬಂತು. ಟೀಚರ್ ಉತ್ತರವನ್ನು ಬೊಜ್ಜದ ಕಾಗದಗಳೆರಡನ್ನು ಅಂಟಿಸಿ, ಚೆನ್ನಾಗಿ ಒಣಗಿಸಿ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು: ‘ತಪ್ಪು ನನ್ನದು. ಹೆಸರು ಹೇಳಲಾರೆ.’ ಆ ಕಾರ್ಡು ಬಿಚ್ಚಿಕೊಳ್ಳಲಿಲ್ಲ. ಈಗಲೂ ಶಾಲೆಯ ಕಡತದಲ್ಲಿದೆ.

ಅದಾದ ಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಬಿಸಿಯೂಟದ ಅಮ್ಮಣಿಯವರು ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದ ಜಗಲಿಯಲ್ಲಿ, ಬೀಗ ಬಿದ್ದ ಕೋಣೆಗೆ ಬೆನ್ನು ಮಾಡಿ ಟೀಚರ್ ಕುಳಿತರು. ಕರೆಯದೆಯೇ ಮಕ್ಕಳು ಬಂದರು. ಮೈದಾ ಅಂಟನ್ನು ಅಮ್ಮಣಿಯವರೇ ಒಲೆಯ ಮೇಲೆ ಕಾಯಿಸಿ ಕೊಟ್ಟರು. ಹೇರಲು ಕಲ್ಲಿಲ್ಲದಾಗ ಅನ್ನದ ದೊಡ್ಡ ಪಾತ್ರೆಯನ್ನೇ ಮಗುಚಿ ಇಟ್ಟರು. ಇದನ್ನು ನಿಲ್ಲಿಸಲು ಯಾವ ನಿಯಮವನ್ನು ತೋರಿಸಬೇಕೆಂದು ಹೆಡ್‌ಮಾಷ್ಟ್ರಿಗೆ ತಿಳಿಯಲಿಲ್ಲ.

ಅಂಥದೊಂದು ಮಧ್ಯಾಹ್ನ ಆ ಮಗು ನೀರಿನ ನಳ್ಳಿಯ ಬಳಿ ಅಳುತ್ತ ನಿಂತು, ತಾನೇ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದಿತು. ಟೀಚರ್ ಅದರ ಕಣ್ಣೊರೆಸಲಿಲ್ಲ. “ಒಣಗುವ ಮೊದಲು ಕಟ್ಟಿದ್ದಿ. ನಿನ್ನ ತಪ್ಪು ಅಷ್ಟೇ. ಅದಕ್ಕೆ ನಾಳೆ ಹತ್ತು ಚೀಟಿ ಸರಿಯಾಗಿ ಮಾಡಿ ತಂದು ಕೊಡು. ಉಳಿದದ್ದು ದೊಡ್ಡವರ ತಪ್ಪು, ಅದನ್ನು ನೀನು ಹೊರಬೇಕಾಗಿಲ್ಲ” ಎಂದರು. ಮಗು ಹತ್ತು ಚೀಟಿ ಮಾಡಿ ತಂದಿತು. ಎರಡನ್ನು ಅಂಚು ಸರಿಯಿಲ್ಲವೆಂದು ಟೀಚರ್ ಹಿಂದಕ್ಕೆ ಕೊಟ್ಟರು.

ಮುಂದಿನ ನವೆಂಬರಿನಲ್ಲಿ ಶಾಲೆಗಳ ತ್ಯಾಜ್ಯ ನಿರ್ವಹಣೆಯನ್ನು ನೋಡಲು ಮೇಲಿನಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ತೋರಿಸಲು ಶಾಲೆಯಲ್ಲಿ ಇದ್ದದ್ದು ಒಂದೇ ಸಂಗತಿ, ಅದು ಜಗಲಿಯ ಮೇಲಿತ್ತು. ಪ್ರದರ್ಶನ ಇಡಬೇಕೆಂದು ಕೇಳಲು ಬಂದ ಹೆಡ್‌ಮಾಷ್ಟ್ರಿಗೆ ಟೀಚರ್, “ಇಡುವ ಸಾರ್. ಮೊದಲು ಬೀಗ ತೆಗೆಯಿರಿ. ಪೀರಿಯಡ್ಡು ವಾಪಾಸು ಕೊಡಿ. ಮತ್ತೆ ಆ ಹೆಸರನ್ನು ಇನ್ನು ಯಾರೂ ಕೇಳಬಾರದು” ಎಂದರು. ಮೂರನ್ನೂ ಬರವಣಿಗೆಯಲ್ಲಿ ಪಡೆದ ಮೇಲೆಯೇ ಮೇಜಿನ ಮೇಲೆ ಮೊದಲ ಕಾರ್ಡು ಇಟ್ಟರು. ಅಧಿಕಾರಿಗಳು ಮೆಚ್ಚಿದರು, ಫೋಟೋದಲ್ಲಿ ಮುಂಡಪ್ಪನವರು ನಡುವೆ ನಿಂತರು. ಟೀಚರ್ ಫೋಟೋಕ್ಕೆ ಬರಲಿಲ್ಲ, ಅಂಟು ಕಾಯಿಸುತ್ತಿದ್ದರು.

ಬೊಜ್ಜದ ಕಾಗದ ಮುಟ್ಟಿದ ಮುಂಡಪ್ಪನವರಿಗೆ ಈಗ ಎಪ್ಪತ್ತಮೂರು. ದಿನಾ ಬೆಳಿಗ್ಗೆ ಪೇಟೆಯವರೆಗೆ ನಡೆದು ಬರುತ್ತಾರೆ. ಈ ಗ್ರಂಥದ ಗೌರವಾಧ್ಯಕ್ಷರೂ ಅವರೇ. ಈ ಪ್ರಸಂಗವನ್ನು ಬಿಡಬೇಕೋ ಬೇಡವೋ ಎಂಬ ಚರ್ಚೆ ಅವರ ಮುಂದೆ ಹೋದಾಗ ಅವರು ಹೇಳಿದ ಮಾತನ್ನು ಇಲ್ಲಿ ದಾಖಲಿಸುವುದು ನ್ಯಾಯ. “ಬರೀಲಿ ಮಾರಾಯ, ನಡೆದದ್ದು ತಾನೇ? ಆದ್ರೆ ಆ ಮಗು ಯಾರೂಂತ ಈಗಾದ್ರೂ ಹೇಳ್ಲಿಕ್ಕೆ ಹೇಳಿ. ನನಗೂ ಪ್ರಾಯ ಆಯ್ತು.” ಟೀಚರನ್ನು ಕೇಳಿದರೆ, “ನಾನು ಹೇಳುವುದಿಲ್ಲ. ಹೇಳುವ ಹಕ್ಕು ಆ ಮಗುವಿನದ್ದು” ಎಂದರು. ಹದಿಮೂರು ವರ್ಷಗಳ ನಂತರವೂ ಅದೇ ಮಾತು, ಅದೇ ದನಿ.

ಅನಂತಮತಿ ಟೀಚರ್ ಈ ಮೇ ತಿಂಗಳಲ್ಲಿ ನಿವೃತ್ತರಾಗಿದ್ದಾರೆ. ಮೆಲ್ಕಾರಿನ ಚೀಲಗಳು ಇನ್ನು ಮೂಡುಬಿದಿರೆಯ ಮನೆಯಲ್ಲೇ ಉಳಿಯಲಿವೆ. ಆ ಮನೆಯ ಜಗಲಿಯಲ್ಲಿ ತರಗತಿ ಈಗಾಗಲೇ ಆರಂಭವಾಗಿದೆ. ಅವರ ಕಣ್ಣು ಮಂಜಾಗದಿರಲಿ, ಬೆರಳು ಸೋಲದಿರಲಿ, ಆ ಮೊದಲ ವಾರದ ಸಿಟ್ಟು ಆರದಿರಲಿ, ನೂರು ವರ್ಷ ತುಂಬಿದ ದಿನವೂ ಯಾವುದಾದರೂ ಮಗುವಿನ ಸೊಟ್ಟ ಅಂಚನ್ನು ಅವರು ಹಿಂದಕ್ಕೆ ಕೊಡುವಂತಾಗಲಿ. ಮುಂಡಪ್ಪನವರಿಗೂ ಅಷ್ಟೇ ಆಯುಸ್ಸು ಸಿಗಲಿ. ಆ ದಿನ ಆ ಚೀಟಿಯ ಹೊರಗೆ ಬರೆದಿದ್ದ ಹಾರೈಕೆಯೂ ಅದೇ ಆಗಿತ್ತು. ಮತ್ತು ಸಂಜೆ ಐದರ ಸಭೆಯಲ್ಲಿ, ಮೂಲೆಯಲ್ಲಿ ಕುಳಿತು ಯಾರ ಮಗು, ಯಾವ ಜಾತಿಯದ್ದು ಎಂದು ಕೇಳಿದವರು ಇದನ್ನು ಓದುತ್ತಿದ್ದರೆ, ಅವರ ಪ್ರಶ್ನೆಗೆ ಉತ್ತರ ಚೆನ್ನಾಗಿ ಒಣಗಿದೆ. ಇಗೋ, ಕೆಳಗೆ ಕಟ್ಟಿದೆ.

— ನಸೀಬಾ
ವಕೀಲೆ, ಬಂಟ್ವಾಳ
(ಎಂಟನೇ ತರಗತಿ, ೨೦೧೨)