ಭೇರ್ಯದ ಜಗಲಿಯಲ್ಲಿ ನಾನು ತಿರುಚಿದ ಮಾತು

ಗೌರಮ್ಮನವರೇ, ನಿಮ್ಮ ಗಂಡ ಜ್ವರದಿಂದ ಸಾಯಲಿಲ್ಲ. ಬಿಷಪ್ಪರು ಹಾಗೆ ಹೇಳಲೂ ಇಲ್ಲ. ಅದು ನಾನು ಹೇಳಿದ ಸುಳ್ಳು.

ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು. ಹುಣಸೂರಿನ ಮಿಷನ್ ಶಾಲೆಯಲ್ಲಿ ನಾನು ಮೇಷ್ಟ್ರು. ಇಂಗ್ಲಿಷ್ ದೊರೆಗಳು ಬಂದಾಗ ದುಭಾಷಿಯೂ ನಾನೇ. ಅದಕ್ಕೊಂದು ಕ್ರಮವಿತ್ತು — ಅವರು ಒಂದು ಮಾತು ಹೇಳಿ ನಿಲ್ಲಬೇಕು, ನಾನದನ್ನು ಕನ್ನಡದಲ್ಲಿ ಹೇಳಬೇಕು. ‘ಅವರು ಹೀಗೆನ್ನುತ್ತಾರೆ’ ಎನ್ನುವಂತಿಲ್ಲ. ಅವರ ಬಾಯಾಗಿ ನಿಂತು, ಅವರದ್ದನ್ನೆಲ್ಲ ನನ್ನದೆಂಬಂತೆ ಹೇಳಬೇಕು. ಅದರಲ್ಲಿ ನನಗೆ ಹೆಸರಿತ್ತು, ಜಂಬವೂ ಇತ್ತು.

ಆ ವರ್ಷ ಬಂದ ಇಂಗ್ಲಿಷ್ ಬಿಷಪ್ಪರು ಯುದ್ಧಕಾಲದಲ್ಲಿ ಮಲಯದಲ್ಲಿದ್ದು ಜಪಾನಿಯರ ಸೆರೆ ಕಂಡವರು. ಹುಣಸೂರಿನಲ್ಲಿ ಆರಾಧನೆ ಮುಗಿದದ್ದೇ ಭೇರ್ಯಕ್ಕೆ ಹೋಗಬೇಕೆಂದರು. ಯಾಕೆಂದು ಹೇಳಲಿಲ್ಲ.

ನೀವು ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಿರಿ. ಬಿಳಿ ದೊರೆಯನ್ನು ನೋಡಲು ಅರ್ಧ ಊರೇ ನೆರೆದಿತ್ತು. ಬಿಷಪ್ಪರು ಕೂರಲಿಲ್ಲ. ನಿಮ್ಮ ಗಂಡ ನಂಜಪ್ಪನವರು ಮಿಲಿಟರಿ ಆಸ್ಪತ್ರೆಯ ಕೆಲಸದಲ್ಲಿದ್ದು ಸೆರೆಯಾದದ್ದು, ಬಿಷಪ್ಪರಿದ್ದ ಪಕ್ಕದ ಶಿಬಿರದ ಕಾಯಿಲೆಯವರಿಗೆಂದು ಬೇಲಿಯ ಸಂದಿಯಿಂದ ಇವರ ಕೈಗೆ ಔಷಧಿ ಕೊಡುತ್ತಿದ್ದದ್ದು — ಇಷ್ಟನ್ನು ಹೇಳಿದರು. ಇದನ್ನು ನಾನು ಇದ್ದ ಹಾಗೆಯೇ ನಿಮಗೆ ಹೇಳಿದೆ.

ಆಮೇಲೆ ಅವರೆಂದರು: ‘‘ಔಷಧಿ ಜಪಾನಿಯರ ಕೈಗೆ ಸಿಕ್ಕಿಬಿತ್ತು. ಕೊಟ್ಟವರಾರೆಂದು ಕೇಳಿ ನನ್ನನ್ನು ಹೊಡೆದರು. ಎರಡು ದಿನ ತಡೆದೆ. ಮೂರನೆಯ ದಿನ ನಂಜಪ್ಪನವರ ಹೆಸರು ಹೇಳಿಬಿಟ್ಟೆ. ಅವರನ್ನು ಕೊಂದರು. ನನ್ನನ್ನು ಕ್ಷಮಿಸುತ್ತೀರಾ ಎಂದು ಕೇಳಲು ಬಂದಿದ್ದೇನೆ.’’

ಹೇಳಿ ನಿಂತರು. ಈಗ ನನ್ನ ಸರದಿ.

ನಿಮಗೆ ನೋವಾದೀತೆಂದು ಸುಳ್ಳು ಹೇಳಿದೆ ಅಂದುಕೊಳ್ಳಬೇಡಿ. ನಿಮ್ಮ ನೆನಪೇ ನನಗಿರಲಿಲ್ಲ. ಕಂಡದ್ದು ಸುತ್ತ ನಿಂತ ಜನ. ನಾಳೆ ಇವರು ‘ಪಾದ್ರಿ ಹಿಡಿದುಕೊಟ್ಟ’ ಅನ್ನುತ್ತಾರೆ, ಮಿಷನ್ನಿನ ಮಾನ ಹೋಗುತ್ತದೆ — ಜೊತೆಗೆ ನನ್ನದೂ. ಆ ಜನರೆದುರು ‘ನಾನು ಹೆಸರು ಹೇಳಿಬಿಟ್ಟೆ’ ಎಂದು ನನ್ನ ಬಾಯಿಂದ ಬರಬೇಕಿತ್ತಲ್ಲ —

‘‘ನಂಜಪ್ಪನವರು ಜ್ವರದಲ್ಲಿ ತೀರಿಕೊಂಡರು,’’ ಎಂದೆ. ‘‘ಕೊನೆಗೆ ನಾನೇ ನೀರು ಕುಡಿಸಿದೆ.’’

ನೀವು ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿರಿ. ‘‘ಬಾಯಿಗೆ ನೀರು ಬುಡಕ್ಕೆ ನೀವಾದ್ರೂ ಇದ್ರಲ್ಲ ಬುದ್ಧಿ. ನಂಗೆ ಅಷ್ಟು ಸಾಕು.’’

ಏನಂದರು ಎಂದು ಬಿಷಪ್ಪರು ಕೇಳಿದರು. ಕ್ಷಮಿಸಿದ್ದಾರೆ, ಎಂದೆ. ಆ ಮುದುಕರು ಎಲ್ಲರೆದುರಿಗೇ ಬಿಕ್ಕಿ ಬಿಕ್ಕಿ ಅತ್ತರು. ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ಇದಾಗಿ ಏಳು ವರ್ಷ. ಪ್ರತಿ ಸುಗ್ಗಿಗೂ ನೀವು ‘ದೊರೆಗೆ ಕಳಿಸ್ಕೊಡಿ ಮೇಷ್ಟ್ರೇ’ ಎಂದು ಹೊಸ ಅಕ್ಕಿಯ ಗಂಟನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೀರಿ. ಅವರು ಇಂಗ್ಲೆಂಡಿಗೆ ಮರಳಿದ್ದರು; ಒಂದು ಗಂಟೂ ಕಡಲು ದಾಟಲಿಲ್ಲ. ನಾವೇ ಬೇಯಿಸಿ ಉಂಡೆವು. ಅನ್ನ ಅನ್ನದ ಹಾಗೇ ಇತ್ತು, ಗಂಟಲಲ್ಲಿ ನಿಲ್ಲಲೂ ಇಲ್ಲ.

ಹೋದ ತಿಂಗಳು ಅವರ ತಂಗಿಯಿಂದ ಕಾಗದ ಬಂತು. ಬಿಷಪ್ಪರು ತೀರಿಕೊಂಡರಂತೆ. ಭೇರ್ಯದ ಹೆಂಗಸು ಕ್ಷಮಿಸಿದ ಮೇಲೆ ಅಣ್ಣನಿಗೆ ನಿದ್ದೆ ಬರತೊಡಗಿತ್ತು, ಆಕೆಗೆ ತಿಳಿಸಿ ಎಂದು ಬರೆದಿದ್ದಾರೆ. ಓದಿ ಮಡಿಚಿಟ್ಟೆ. ದುಃಖವೂ ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ಮಾರನೆಯ ದಿನ ಶಾಲೆಗೆ ಹೋಗಿ ಮಗ್ಗಿ ಹೇಳಿಕೊಟ್ಟೆ.

ನಿಮಗೆ ಓದು ಬರದು. ಆದ್ದರಿಂದ ಸೋಮವಾರದ ಬಸ್ಸಿಗೆ ನಾನೇ ಬಂದು, ಅದೇ ಜಗಲಿಯಲ್ಲಿ ನಿಂತು ಇದನ್ನು ಓದುತ್ತೇನೆ. ಜನ ನೆರೆದರೆ ನೆರೆಯಲಿ. ನೀವು ಬಿಷಪ್ಪರನ್ನು ಕ್ಷಮಿಸಬಹುದು, ಶಪಿಸಬಹುದು. ಅದು ನಿಮಗೆ ಬಿಟ್ಟದ್ದು, ಅಂದೂ ನಿಮಗೇ ಬಿಟ್ಟದ್ದಾಗಿತ್ತು. ಆದರೆ ನೀವೇನೇ ಹೇಳಿದರೂ ಇನ್ನು ಅದನ್ನು ಅವರಿಗೆ ಮುಟ್ಟಿಸಲು ನನ್ನಿಂದಾಗದು.