ಕ್ಯಾಲೆಂಡರಿಗೆ ಹೇಳಿದ ಮಾತು

ಏಕಾದಶಿ ಉಪವಾಸದ ಬಗ್ಗೆ ನನಗೆ ಕೊಂಚ ಜಂಬವಿತ್ತು. ಅದು ಅವಲಕ್ಕಿ, ಹಣ್ಣು, ಹಾಲು, ಮೇಲೊಂದು ಸಬ್ಬಕ್ಕಿ ಉಪ್ಪಿಟ್ಟು ಎಲ್ಲ ಸಲ್ಲುವ ಉಪವಾಸವೆಂದು ಯಾರಿಗೂ ಹೇಳುತ್ತಿರಲಿಲ್ಲ, ಅಷ್ಟೆ. ನಿಜವಾದ ಉಪವಾಸವನ್ನು ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಕಲಿಸಿದವನು ಅಣ್ಣ.

ಅಣ್ಣ ಇರುವುದು ಚಾಮರಾಜಪೇಟೆಯಲ್ಲಿ. ಬಲು ಸಂಕೋಚದ ಮನುಷ್ಯ. ಶೌಚಕ್ಕೆ ಹೋಗುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮರೆಮಾತುಗಳಿವೆ ನೋಡಿ: ಬಹಿರ್ದೆಸೆ, ಹೊರಕಡೆ, ಎರಡಕ್ಕೆ. ನಮ್ಮಜ್ಜಿಯಂತೂ ಕೆರೆಯೇ ಇಲ್ಲದ ಬೀದಿಯಲ್ಲಿದ್ದುಕೊಂಡು ‘ಕೆರೆಕಡೆ’ ಎನ್ನುತ್ತಿದ್ದರು. ಅಣ್ಣ ಇವನ್ನೂ ಆಡಿದವನಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದ.

ಅಂಥವನು ಹೋದ ವರ್ಷ ಒಂದು ಬೆಳಗ್ಗೆ ಮಲ್ಲೇಶ್ವರದ ನಮ್ಮ ಮನೆಗೆ ಬಂದು ಕೂತ. ಎರಡು ಲೋಟ ಕಾಫಿ ಕುಡಿದ. ಮೆಟ್ರೋ, ಚಳಿ, ಅವರೆಕಾಯಿ ಎಲ್ಲ ಮುಗಿಯಿತು. ಆಮೇಲೆ ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ.

“ಪದ್ಮಾ, ನನಗೆ ದೊಡ್ಡ ಕರುಳಲ್ಲಿ ಕ್ಯಾನ್ಸರ್ ಅಂತೆ. ಆಪರೇಷನ್ ಮಾಡ್ತಾರೆ. ಒಡಹುಟ್ಟಿದವರೂ ಒಂದ್ಸಲ ನೋಡಿಸ್ಕೋಬೇಕಂತೆ. ನೀನು ಹೋಗ್ಬಾ.”

ನನಗೆ ಅಳು ಬರುವ ಹೊತ್ತಿಗೆ ಅವನು ಚಪ್ಪಲಿ ಮೆಟ್ಟುತ್ತಿದ್ದ.

ನಾನೇನೂ ಮರುದಿನವೇ ಓಡಲಿಲ್ಲ. ನನಗೆ ಯಾವ ತೊಂದರೆಯೂ ಇರಲಿಲ್ಲ. ಜೊತೆಗೆ ಆ ಪರೀಕ್ಷೆಗೆ ಅಂಥ ಜಾಗದಿಂದ ಕರುಳಿನೊಳಕ್ಕೆ ಕ್ಯಾಮೆರಾ ಬಿಡುತ್ತಾರೆ ಎಂದರೆ ಮೈಯೆಲ್ಲ ಮುದುಡುತ್ತಿತ್ತು. ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಎಂದು ತಳ್ಳಿದೆ. ಆಪರೇಷನ್ ಆಗಿ ಮಲಗಿದ್ದ ಅಣ್ಣ ದಿನಾ ಫೋನ್ ಮಾಡಿ, ಹೋದೆಯಾ ಎಂದಷ್ಟೇ ಕೇಳುತ್ತಿದ್ದ. ಕೊನೆಗೆ ಆ ಪ್ರಶ್ನೆಗೆ ಹೆದರಿಯೇ ಆಸ್ಪತ್ರೆಗೆ ಹೋದೆ.

ಪರೀಕ್ಷೆಯ ಹಿಂದಿನ ದಿನ ಬರೀ ತಿಳಿನೀರು, ಸಂಜೆ ಲೀಟರುಗಟ್ಟಲೆ ಕರುಳು ತೊಳೆಯುವ ಔಷಧಿ. ಆ ಒಂದು ಸಂಜೆ ನಾನು ಕೆರೆಕಡೆ ಹೋದಷ್ಟು ಸಲ ನಮ್ಮ ವಂಶವೇ ಹೋಗಿರಲಾರದು. ಪರೀಕ್ಷೆ ಮಾತ್ರ ಒಂದು ನಿದ್ದೆಯಲ್ಲಿ ಮುಗಿಯಿತು. ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು, ಅಲ್ಲೇ ತೆಗೆದರು. ವಾರದ ನಂತರ ರಿಪೋರ್ಟ್ ನೋಡಿ ಡಾಕ್ಟರಮ್ಮ, ಇದು ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು, ತೊಂದರೆ ಕಾಣಿಸುವ ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದರು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. “ಊಟ ಆಯ್ತಾ?” ಎಂದ.

ಈಗ ಅವನು ಚೇತರಿಸಿಕೊಂಡಿದ್ದಾನೆ. ಡಾಕ್ಟರಿಗೆ ನಾನು ಕೈಮುಗಿದೆ, ನಿಜ. ಆದರೆ ಅಷ್ಟು ಸಂಕೋಚದವನು ನನಗಾಗಿ ಬಾಯಿಬಿಟ್ಟನಲ್ಲ, ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಎದುರುಮನೆ ಸರೋಜಮ್ಮನ ತಂಗಿಗೂ ಇದೇ ಕಾಯಿಲೆ ಎಂದು ಮೊನ್ನೆ ಗೊತ್ತಾಯಿತು. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಲೇಬೇಕೆಂದು ಹೊರಟೆ. ಒಂದು ಲೋಟ ಕಾಫಿ ಮುಗಿಯಿತು, ಎರಡನೆಯದೂ ಮುಗಿಯಿತು. ಬಾಯಿ ಏಳಲಿಲ್ಲ. ಅವರ ಮನೆಯಲ್ಲಿ ಕ್ಯಾಲೆಂಡರ್ ಎಲ್ಲಿದೆಯೆಂದು ಹುಡುಕಿ, ಅದರ ಕಡೆ ತಿರುಗಿ ಶುರುಮಾಡಿದೆ.